‘ಸ್ಟೆಪ್ ಅಪ್’ : ಅರ್ಥ ಮತ್ತು ಪ್ರಯೋಗ

ಕನ್ನಡ ಮಾಧ್ಯಮದಲ್ಲಿ ಓದುವ ವಿದ್ಯಾರ್ಥಿಗೆ ಇಂಗ್ಲಿಷಿನ ದೊಡ್ಡ ಶಬ್ದಗಳಿಗಿಂತ ಚಿಕ್ಕವೇ ಹೆಚ್ಚು ತೊಡಕಾಗುತ್ತವೆ. ‘ಸ್ಟೆಪ್’ ಎಂದರೆ ಹೆಜ್ಜೆ, ‘ಅಪ್’ ಎಂದರೆ ಮೇಲೆ ಎಂಬುದನ್ನು ಅವನು ಬಲ್ಲ. ಎರಡೂ ಕೂಡಿದಾಗ ಮಾತ್ರ ಅರ್ಥ ಕೈಗೆ ಸಿಕ್ಕುವುದಿಲ್ಲ. ಕಾರ್ಖಾನೆಯವರು ಉತ್ಪಾದನೆಯನ್ನು ‘ಸ್ಟೆಪ್ ಅಪ್’ ಮಾಡಿದರೆಂದರೆ ಅಲ್ಲಿ ಯಾರೂ ಮೆಟ್ಟಿಲು ಹತ್ತಲಿಲ್ಲ. ನಡೆಯುತ್ತಿದ್ದ ಉತ್ಪಾದನೆಯ ಪ್ರಮಾಣವನ್ನು ಹೆಚ್ಚಿಸಿದರು.

ಸಂಸ್ಕೃತಜ್ಞರಿಗೆ ಇದು ಹೊಸ ಸಂಗತಿಯಲ್ಲ. ‘ಹೃ’ ಎಂಬ ಒಂದೇ ಧಾತು ಉಪಸರ್ಗಗಳ ಸಹವಾಸದಿಂದ ಆಹಾರ, ವಿಹಾರ, ಸಂಹಾರ, ಪರಿಹಾರಗಳಿಗೆ ಮೂಲವಾಗಿದೆ. ಆದರೆ ಸಂಸ್ಕೃತದ ಉಪಸರ್ಗವು ಧಾತುವಿಗೆ ಮುಂಚೆ ನಿಂತು ಅದಕ್ಕೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನ ‘ಅಪ್’ ಕ್ರಿಯಾಪದದ ಅನಂತರ ಬಂದು, ಬೇಕಾದರೆ ದೂರವೂ ಸರಿಯುತ್ತದೆ. ‘ಸ್ಟೆಪ್ ಅಪ್ ದ ಪೇಸ್’ ಎಂದರೂ ‘ಸ್ಟೆಪ್ ದ ಪೇಸ್ ಅಪ್’ ಎಂದರೂ ಸಾಧುವೇ. ಕರ್ಮಪದವು ಸರ್ವನಾಮವಾದರೆ ಮಾತ್ರ ಅದು ನಡುವೆಯೇ ಬರಬೇಕು: ‘ಸ್ಟೆಪ್ ಇಟ್ ಅಪ್’ ಶುದ್ಧ, ‘ಸ್ಟೆಪ್ ಅಪ್ ಇಟ್’ ಅಶುದ್ಧ. ಇದೇನು ವಿಚಿತ್ರವೆಂದು ನಗುವವರು ಅಷ್ಟಾಧ್ಯಾಯಿಯ ಪ್ರಥಮಾಧ್ಯಾಯವನ್ನು ತೆರೆದು ನೋಡಬಹುದು. ವೇದಭಾಷೆಯಲ್ಲಿ ಉಪಸರ್ಗವು ಧಾತುವಿನ ಅನಂತರವೂ ಬರಬಹುದು, ನಡುವೆ ಅನ್ಯಪದಗಳಿರಲು ದೂರವೂ ನಿಲ್ಲಬಹುದು ಎಂದು ಪಾಣಿನಿಯು ವಿಧಿಸಿದ್ದಾನೆ.

ನಿಜವಾಗಿ ಎಡವುವ ಎಡೆ ಬೇರೆ. ‘ಬೆಲೆ ಏರಿತು’ ಎಂಬಲ್ಲಿ ಬೆಲೆಗೆ ‘ಸ್ಟೆಪ್ಡ್ ಅಪ್’ ಎಂದು ಬರೆದರೆ ತಪ್ಪು. ಅಲ್ಲಿ ‘ವೆಂಟ್ ಅಪ್’ ಎನ್ನಬೇಕು. ತಾನಾಗಿ ಏರುವುದಕ್ಕೆ ಒಂದು ಪದ, ಒಬ್ಬರು ಉದ್ದೇಶಪಟ್ಟು ಏರಿಸುವುದಕ್ಕೆ ಇನ್ನೊಂದು. ಕನ್ನಡವು ಈ ಭೇದವನ್ನು ‘ಇಸು’ ಎಂಬ ಪುಟ್ಟ ಪ್ರತ್ಯಯದಿಂದ ಸಾಧಿಸುತ್ತದೆ: ಏರು, ಏರಿಸು; ಹೆಚ್ಚು, ಹೆಚ್ಚಿಸು. ಅನುವಾದದಲ್ಲಿ ಇದನ್ನು ಮರೆತರೆ ಕರ್ತೃವೇ ಮಾಯವಾಗುತ್ತಾನೆ. ಪೊಲೀಸರು ಗಸ್ತನ್ನು ಹೆಚ್ಚಿಸಿದರೆಂಬ ಇಂಗ್ಲಿಷ್ ವಾಕ್ಯವು ‘ಗಸ್ತು ಹೆಚ್ಚಿತು’ ಎಂದಾದರೆ, ಹೆಚ್ಚಿಸಿದವರಾರೆಂಬ ಪ್ರಶ್ನೆಗೆ ಉತ್ತರವಿಲ್ಲ.

ಈ ಪದದ ಜೀವವನ್ನು ವಿದ್ಯುದ್ವಿಜ್ಞಾನದ ‘ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್’ ಚೆನ್ನಾಗಿ ತೋರಿಸುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಉತ್ಪಾದನೆಯಾದ ವೋಲ್ಟೇಜಿನಲ್ಲೇ ಅಷ್ಟು ದೂರ ಕಳುಹಿಸಿದರೆ ಶಕ್ತಿಯ ಬಹುಭಾಗ ತಂತಿಯಲ್ಲೇ ಶಾಖವಾಗಿ ನಷ್ಟವಾಗುತ್ತದೆ. ಆದ್ದರಿಂದ ವೋಲ್ಟೇಜನ್ನು ಹಲವು ಪಟ್ಟು ಏರಿಸಿ ಕಳುಹಿಸಿ, ಮುಟ್ಟಿದ ಕಡೆ ಇಳಿಸಿಕೊಳ್ಳಬೇಕು. ಅದು ತಾನಾಗಿ ಏರುವುದಿಲ್ಲ. ಏರಿಸುವ ಯಂತ್ರ ಬೇಕು, ಏರಿಸಲು ಮೊದಲೇ ಒಂದಿಷ್ಟು ವೋಲ್ಟೇಜೂ ಇರಬೇಕು. ಭಾಷೆಯಲ್ಲಿಯೂ ಹಾಗೆಯೇ. ಆರಂಭವೇ ಆಗದ ಕೆಲಸವನ್ನು ‘ಸ್ಟೆಪ್ ಅಪ್’ ಮಾಡಲಾಗದು.

ಕನ್ನಡಿಸುವಾಗ ಎಲ್ಲೆಡೆಯೂ ‘ಹೆಚ್ಚಿಸು’ ಎಂದು ಬರೆಯುವುದು ಸೋಮಾರಿತನ. ಉತ್ಪಾದನೆಯನ್ನು ಹೆಚ್ಚಿಸುತ್ತಾರೆ, ಕೆಲಸವನ್ನು ಚುರುಕುಗೊಳಿಸುತ್ತಾರೆ, ಹೋರಾಟವನ್ನು ತೀವ್ರಗೊಳಿಸುತ್ತಾರೆ, ಕಾವಲನ್ನು ಬಿಗಿಗೊಳಿಸುತ್ತಾರೆ. ಇಂಗ್ಲಿಷಿಗೆ ಒಂದೇ ಪದ ಸಾಕಾದೆಡೆ ಕನ್ನಡವು ಕರ್ಮವನ್ನು ನೋಡಿ ಕ್ರಿಯೆಯನ್ನು ಆರಿಸುತ್ತದೆ.

ಕರ್ಮಪದವಿಲ್ಲದೆ, ವ್ಯಕ್ತಿಯೇ ಕರ್ತೃವಾಗಿ ‘ಷಿ ಸ್ಟೆಪ್ಡ್ ಅಪ್’ ಎಂದು ಬಂದಾಗ ಏರಿಕೆಯ ಮಾತು ಅಲ್ಲಿಲ್ಲ. ಹೊಣೆ ಹೊರಲು ಆಕೆ ತಾನಾಗಿ ಮುಂದೆ ಬಂದಳೆಂದು ಅರ್ಥ.