ಆ 'ಹಿ' ಯಾರು, ಈ 'ಇಟ್' ಯಾವುದು?

ತಂಗೀ, ಇಂಗ್ಲಿಷ್ ಪರೀಕ್ಷೆ ಹತ್ತಿರ ಬಂತು ಅಂದಕೂಡಲೇ ನ್ಯಾಮತಿ ಪೇಟೆಗೆ ಓಡಿ ಗೈಡ್ ತಂದು ಉರು ಹೊಡೆಯಲು ಕೂರಬೇಡ. ಉರು ಹೊಡೆಯುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಪದ್ಯ ಕಂಠಪಾಠವಾಗಿದ್ದರೆ ಅಂಕ ಇದ್ದೇ ಇದೆ, ಪತ್ರ ಬರೆಯುವ ಕ್ರಮವೂ ಕೈಗೆ ಕೂತಿರಬೇಕು. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಎರಡನೇ ಭಾಷೆ ಇಂಗ್ಲಿಷಿನ 80 ಅಂಕದ ಪತ್ರಿಕೆಯಲ್ಲಿ, ಅಲ್ಲೇ ಓದಿ ಅಲ್ಲೇ ಬರೆಯಬೇಕಾದ ಪ್ರಶ್ನೆಗಳೂ ಇರುತ್ತವೆ. ಪಾಠದಿಂದಲೋ ಪದ್ಯದಿಂದಲೋ ಒಂದೆರಡು ಸಾಲು ಎತ್ತಿ ಕೊಟ್ಟು ಮೂರು ಮೂರು ಅಂಕಕ್ಕೆ ಕೇಳುತ್ತಾರೆ. ನೀನು ಕಂಡು ಕೇಳರಿಯದ ಒಂದು ಗದ್ಯಭಾಗ ಕೊಟ್ಟು ನಾಲ್ಕು ಅಂಕಕ್ಕೆ ಕೇಳುತ್ತಾರೆ. ಗೈಡ್ ಕೈಕೊಡುವುದು ಇಲ್ಲೇ.

ದೊಡ್ಡ ದೊಡ್ಡ ಪದ ಗೊತ್ತಿಲ್ಲದೆ ಮಕ್ಕಳು ಅಂಕ ಕಳೆದುಕೊಳ್ಳುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ನನ್ನನ್ನು ಕೇಳಿದರೆ, ಹಿ, ಶಿ, ಇಟ್, ದೇ ಅನ್ನುವ ಪುಟಾಣಿ ಪದಗಳಲ್ಲಿ ಕಳೆದುಕೊಳ್ಳುವುದೇ ಹೆಚ್ಚು. ಇದಕ್ಕೆ ಕಾರಣ ನಮ್ಮ ಕನ್ನಡದ ಅಭ್ಯಾಸ. 'ಬಂದಳು' ಅಂದರೆ ಸಾಕು, ಬಂದದ್ದು ಹೆಣ್ಣು, ಬಂದದ್ದು ಒಬ್ಬಳೇ ಅಂತ ಕ್ರಿಯಾಪದವೇ ಹೇಳಿಬಿಡುತ್ತದೆ. ಇಂಗ್ಲಿಷಿನ 'ಕೇಮ್' ಬಾಯಿಯೇ ಬಿಡುವುದಿಲ್ಲ. ಬಂದದ್ದು ಅಜ್ಜಿಯೋ, ಬಸ್ಸೋ, ಪೊಲೀಸರೋ ಅಂತ ಅದರ ಮುಂದೆ ನಿಂತಿರುವ ಪದವನ್ನೇ ಕೇಳಬೇಕು. ನಾವೋ ಆ ಪದವನ್ನು ದಾಟಿ ಮುಂದಕ್ಕೆ ಓಡುತ್ತೇವೆ.

ಆರ್.ಕೆ. ನಾರಾಯಣರ 'ಎ ಹೀರೋ' ಪಾಠವನ್ನೇ ತಗೋ. ಹುಲಿಯನ್ನು ಎದುರಿಸಿದ ಹಳ್ಳಿ ಹುಡುಗನ ಸುದ್ದಿಯನ್ನು ಅಪ್ಪ ಪೇಪರಿನಲ್ಲಿ ಓದುತ್ತಾನೆ. ಅಷ್ಟು ಸಣ್ಣ ಹುಡುಗನಿಗೆ ಅದೆಲ್ಲ ಆಗುವ ಮಾತಲ್ಲ ಅಂತ ಮಗ ಸ್ವಾಮಿ ವಾದಿಸುತ್ತಾನೆ. ಧೈರ್ಯ ಇದ್ದರೆ ಸಾಕು ಅನ್ನುವ ಅಪ್ಪ, ಇವನನ್ನು ಅಜ್ಜಿಯ ಮಗ್ಗುಲಿನಿಂದ ಎಬ್ಬಿಸಿ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗಲು ಕಳಿಸುತ್ತಾನೆ. ಕೋಣೆಗೆ ಹೋಗುವ ತನಕ 'ಹಿ' ಅಂದರೆ ಅಪ್ಪ, ಇಲ್ಲವೇ ಸ್ವಾಮಿ. ಮಧ್ಯದಲ್ಲಿ ಆ ಹಳ್ಳಿ ಹುಡುಗನೂ ಇಣುಕುತ್ತಾನೆ. ರಾತ್ರಿ ಕತ್ತಲಲ್ಲಿ ಒಳಗೆ ಬಂದವನ ಕಾಲನ್ನು ಸ್ವಾಮಿ ಕಚ್ಚಿದ ಮೇಲೆ ಕಳ್ಳನೂ ಒಬ್ಬ ಸೇರಿಕೊಳ್ಳುತ್ತಾನೆ. 'ಯಾರು ಯಾರಿಗೆ ಹೇಳಿದರು' ಅಂತ ಕೇಳಿದಾಗಲೆಲ್ಲ ಕಣ್ಣು ಮುಚ್ಚಿ 'ಅಪ್ಪ ಸ್ವಾಮಿಗೆ' ಅಂತ ಬರೆಯುವ ಮಕ್ಕಳು ಬೇಕಾದಷ್ಟಿದ್ದಾರೆ. ಅದೃಷ್ಟ ಇದ್ದರೆ ಸರಿಹೋಗುತ್ತದೆ. ಪೆನ್ಸಿಲ್ ಹಿಡಿದು ಪಾಠವನ್ನು ಒಂದು ಸಲ ಓದು. ಪ್ರತಿ 'ಹಿ'ಯ ತಲೆಯ ಮೇಲೆ ಅವನ ಹೆಸರನ್ನು ಸಣ್ಣಗೆ ಬರೆ. ಎರಡು ಪುಟ ಮುಗಿಯುವುದರೊಳಗೆ ಕಥೆ ನಿನ್ನದಾಗಿರುತ್ತದೆ, ಗೈಡಿನ ಸಾರಾಂಶ ಬೇಕೇ ಆಗುವುದಿಲ್ಲ.

ಪದ್ಯದಲ್ಲಂತೂ ಇದೇ ಒಳದಾರಿ. 'ಕ್ವಾಲಿಟಿ ಆಫ್ ಮರ್ಸಿ' ಓದಿ ತಲೆ ಕೆಟ್ಟಿದೆ ಅಂದೆಯಲ್ಲ? ಷೇಕ್ಸ್‌ಪಿಯರನ 'ಮರ್ಚೆಂಟ್ ಆಫ್ ವೆನಿಸ್' ನಾಟಕದಲ್ಲಿ ಪೋರ್ಷಿಯಾ ಶೈಲಾಕನಿಗೆ ಹೇಳುವ ಮಾತದು. ಸಾಲು ಸಾಲಿಗೂ ಬರುವ 'ಇಟ್' ಅನ್ನುವ ಕಡೆಯಲ್ಲೆಲ್ಲ 'ಕರುಣೆ' ಅಂತ ಇಟ್ಟು ಓದು, ಅರ್ಧ ಗಂಟು ತಾನೇ ಬಿಚ್ಚಿಕೊಳ್ಳುತ್ತದೆ. 'ಐ ಆಮ್ ದ ಲ್ಯಾಂಡ್'ನಲ್ಲಿ 'ಐ' ಅಂದರೆ ಕವಿಯಲ್ಲ, ಭೂಮಿ. ವಿ.ಕೃ. ಗೋಕಾಕರ 'ದ ಸಾಂಗ್ ಆಫ್ ಇಂಡಿಯಾ'ದಲ್ಲಿ ಕವಿಯೂ ಭಾರತಮಾತೆಯೂ ಮಾತಾಡುತ್ತಾರೆ, 'ಮೈ' ಅನ್ನುವುದು ಒಮ್ಮೆ ಇವನದು, ಒಮ್ಮೆ ಅವಳದು. ಯಾರ ಸಾಲು ಎಲ್ಲಿಗೆ ಮುಗಿಯಿತು ಅಂತ ಅಂಚಿನಲ್ಲಿ ಗೆರೆ ಎಳೆದಿಟ್ಟುಕೋ. ಒಂದು ಮಾತು ನೆನಪಾಯಿತು. ಶಾಲೆಗಳಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಲಿ ಅಂತ 1981ರಲ್ಲಿ ವರದಿ ಕೊಟ್ಟವರು ಇದೇ ಗೋಕಾಕರು. ಅವರು ಇಂಗ್ಲಿಷ್ ಪ್ರಾಧ್ಯಾಪಕರು ಬೇರೆ. ಈಗ ನಿನ್ನ ಎರಡನೇ ಭಾಷೆಯ ಪುಸ್ತಕದಲ್ಲಿ ಕೂತಿದ್ದಾರೆ ನೋಡು.

ಇನ್ನು ಕಾಣದ ಗದ್ಯಭಾಗ. ಮೊದಲು ಪ್ರಶ್ನೆ ಓದು, ಆಮೇಲೆ ಗದ್ಯ. ಹುಡುಕುವುದು ಏನು ಅಂತ ಗೊತ್ತಿಲ್ಲದೆ ಒಳಗೆ ಹೋದರೆ ಪ್ರತಿ ಪದವೂ ತಡೆದು ನಿಲ್ಲಿಸುತ್ತದೆ. 'ಗಂಗಮ್ಮ ವಾಕ್ಡ್ ಟು ದ ಮಾರ್ಕೆಟ್ ಬಿಕಾಸ್ ದ ಬಸ್ ಹ್ಯಾಡ್ ಬ್ರೋಕನ್ ಡೌನ್' ಅಂತ ಇದೆ ಅನ್ನು. ಕನ್ನಡದಲ್ಲಿ ಮಾಡಿದ ಕೆಲಸ ವಾಕ್ಯದ ಕೊನೆಗೆ ಬರುತ್ತದೆ. ಅದಕ್ಕೇ ನಾವು ಇಂಗ್ಲಿಷನ್ನೂ ಕೊನೆಯ ತನಕ ಕಾಯುತ್ತಾ ಓದುತ್ತೇವೆ. ಅಲ್ಲಿ ಯಾರು, ಏನು ಮಾಡಿದರು ಅನ್ನುವುದು ಶುರುವಿನಲ್ಲೇ ಮುಗಿದಿರುತ್ತದೆ: ಗಂಗಮ್ಮ, ನಡೆದಳು. ಎಲ್ಲಿಗೆ, ಯಾಕೆ ಅನ್ನುವುದು ಹಿಂದೆಯೇ ಬರುತ್ತದೆ. 'ಬ್ರೋಕನ್ ಡೌನ್' ಗೊತ್ತಿಲ್ಲವೇ? ಬಸ್ಸಿನ ಕಾರಣಕ್ಕೆ ನಡೆದುಹೋದಳು ಅಂದರೆ ಬಸ್ಸಿಗೆ ಏನಾಗಿರಬೇಕು ಅಂತ ಸವಳಂಗ ರಸ್ತೆಯಲ್ಲಿ ಬಸ್ಸಿಗೆ ಕಾದು ನಿಂತ ನಿನಗೆ ನಾನು ಹೇಳಬೇಕೇ? ಪ್ರಶ್ನೆ 'ವೈ ಡಿಡ್ ಗಂಗಮ್ಮ ವಾಕ್' ಅಂತ ಇರುತ್ತದೆ. ಉತ್ತರದಲ್ಲಿ 'ಡಿಡ್' ಬಿಟ್ಟು 'ವಾಕ್ಡ್' ಅಂತ ಬರೆ. ಗದ್ಯವನ್ನು ಇಡಿಯಾಗಿ ಇಳಿಸಬೇಡ, ಕೇಳಿದಷ್ಟನ್ನೇ ತೆಗೆ.

ನಿಮ್ಮ ಸೂರಗೊಂಡನಕೊಪ್ಪದ ಕಡೆಯ ತಾಂಡಾದ ಮಕ್ಕಳಿಗೆ ಒಂದು ಮಾತು ಬೇರೆಯೇ ಹೇಳಬೇಕು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಮೇಲೆ ಇಂಗ್ಲಿಷ್, ಹಿಂದಿ. ಹೊರೆ ಅಂತ ಎಲ್ಲರೂ ಮರುಗುತ್ತಾರೆ. ನಾನು ಮರುಗುವುದಿಲ್ಲ. ಕನ್ನಡವನ್ನೇ ನೀನು ಶಾಲೆಗೆ ಬಂದು ಕಲಿತೆ. ಆಗ ಗೊತ್ತಿಲ್ಲದ ಮಾತಿನ ಅರ್ಥವನ್ನು ಎದುರಿಗಿದ್ದವರ ಮುಖ ನೋಡಿ, ಹಿಂದೆ ಮುಂದೆ ನೋಡಿ ಊಹಿಸಿದವಳು ನೀನೇ ಅಲ್ಲವೇ? ಮನೆಮಾತಲ್ಲೇ ಪಾಠ ಕೇಳಿದ ನಿನ್ನ ಗೆಳತಿಯರಿಗೆ ಆ ರೂಢಿ ಇಲ್ಲ. ಫೆಬ್ರುವರಿಯಲ್ಲಿ ಸೇವಾಲಾಲ್ ಜಾತ್ರೆಗೆ ಹೋಗಿ ಬಾ, ಬೇಡ ಅನ್ನುವುದಿಲ್ಲ. ಮನೆ ತುಂಬಾ ನೆಂಟರು ಅಂತ ವಾರಗಟ್ಟಲೆ ಪುಸ್ತಕ ಮುಚ್ಚಿಡಬೇಡ, ಅಷ್ಟೇ. ಪರೀಕ್ಷೆ-1 ಅದರ ಬೆನ್ನಿಗೇ ಮಾರ್ಚಿನಲ್ಲಿ ಬರುತ್ತದೆ.

ಓದಲು ಇಂಗ್ಲಿಷ್ ಎಲ್ಲಿದೆ ಅಂತ ಕೇಳಬೇಡ. ಮೆಕ್ಕೆಜೋಳಕ್ಕೆ ಹೊಡೆಯಲು ಅಪ್ಪ ತಂದ ಔಷಧಿಯ ಡಬ್ಬಿ ಅಟ್ಟದ ಮೇಲೆ ಇರುತ್ತದೆ. ಡಬ್ಬಿ ಮುಟ್ಟಬೇಡ, ಜೊತೆಗೆ ಮಡಚಿ ಕೊಟ್ಟ ಚೀಟಿ ಕೇಳಿ ತಗೋ. ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ವಿಷದ ತೀವ್ರತೆ ಹೇಳುತ್ತದೆ, ಕೆಂಪು ಎಲ್ಲಕ್ಕಿಂತ ಘೋರ. ಎಷ್ಟು ನೀರಿಗೆ ಎಷ್ಟು, ಮೈಮೇಲೆ ಬಿದ್ದರೆ ಏನು ಮಾಡಬೇಕು ಅಂತ ಇಂಗ್ಲಿಷಿನಲ್ಲಿ ಓದಿ ಅಪ್ಪನಿಗೆ ಕನ್ನಡದಲ್ಲಿ ಹೇಳು. ಅದೇ ಚೀಟಿಯಲ್ಲಿ ಕನ್ನಡವೂ ಇದ್ದರೆ ಆಮೇಲೆ ತಾಳೆ ನೋಡು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮೇಷ್ಟ್ರ ಹತ್ತಿರ ಕೇಳು, ಗದ್ಯಭಾಗಗಳನ್ನಷ್ಟೇ ಆರಿಸಿಕೊಂಡು ಬಿಡಿಸು.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಓದಲೆಂದೇ ಮೊದಲ 15 ನಿಮಿಷ ಕೊಡುತ್ತಾರೆ. ಹೆಚ್ಚಿನ ಮಕ್ಕಳು ಆ ಹೊತ್ತಿನಲ್ಲಿ ಅಕ್ಕಪಕ್ಕ ನೋಡುತ್ತಾ ಬೆವರು ಒರೆಸಿಕೊಳ್ಳುತ್ತಾರೆ. ನೀನು ನೇರ ಗದ್ಯಭಾಗಕ್ಕೆ ಹೋಗು, ಮನಸ್ಸಿನಲ್ಲೇ ಎರಡು ಸಲ ಓದಿಬಿಡು. ಅಲ್ಲಿನ ಹಿ, ಇಟ್, ದೇ ಯಾರು ಯಾರು ಅಂತ ಆಗಲೇ ಗೊತ್ತುಮಾಡಿಕೋ. ವೆಬ್‌ಕಾಸ್ಟಿಂಗ್ ಕ್ಯಾಮೆರಾ ತಲೆಯ ಮೇಲಿದೆ ಅಂತ ಗಾಬರಿ ಬೇಡ, ಅದು ನೋಡುವುದು ಚೀಟಿ ತಂದವರನ್ನು. ಅಷ್ಟಾದರೂ ಕಡಿಮೆ ಬಂದರೆ ಈಗ ಪರೀಕ್ಷೆ-2 ಇದೆ, ನಮ್ಮ ಕಾಲದ ಹಾಗೆ ಒಂದು ವರ್ಷ ಹೊಲದಲ್ಲಿ ಕಳೆಯಬೇಕಿಲ್ಲ. ಭಾನುವಾರ ಪುಸ್ತಕ ಹಿಡಿದು ಬಾ, ಸ್ವಾಮಿಯ ಕಥೆಯಿಂದ ಶುರು ಮಾಡೋಣ. ಹಿಂದಿ ಮಾತ್ರ ನನ್ನನ್ನು ಕೇಳಬೇಡವ್ವ.