ಒರಟು ಲೋಹ ಮತ್ತು ಶ್ರವಣಾತೀತ ಧ್ವನಿ

ಸಂತೆಯಲ್ಲಿ ಗಡಿಗೆ ಕೊಳ್ಳುವವರು ಅದನ್ನು ಬೆರಳಿನಿಂದ ಬಡಿದು, ನಾದವನ್ನು ಆಲಿಸಿದ ಮೇಲೆಯೇ ಹಣ ಕೊಡುತ್ತಾರೆ. ಬಿರುಕು ಬಿಟ್ಟ ಗಡಿಗೆಯ ದನಿ ಒಡಕಾಗಿರುವುದು. ಆದರೆ ರೈಲು ಹಳಿ, ಎರಕದ ಕಬ್ಬಿಣ ಮೊದಲಾದವುಗಳ ಒಳಗಿನ ದೋಷವು ಇಷ್ಟು ಸುಲಭವಾಗಿ ಕಿವಿಗೆ ನಿಲುಕುವುದಿಲ್ಲ. ಅವುಗಳ ಪರೀಕ್ಷೆಗೆ ಸೆಕೆಂಡಿಗೆ 20,000 ಕಂಪನಗಳನ್ನು ಮೀರಿದ, ಮನುಷ್ಯನ ಕಿವಿಯು ಗ್ರಹಿಸಲಾರದ ಶ್ರವಣಾತೀತ ಧ್ವನಿಯನ್ನು ಬಳಸುವರು. 1928ರಲ್ಲಿ ರಷ್ಯದ ಸೊಕೊಲೊವ್ ಈ ಮಾರ್ಗವನ್ನು ಸೂಚಿಸಿದನು. ಪ್ರತಿಧ್ವನಿಯಿಂದ ದೋಷವನ್ನು ಗುರುತಿಸುವ ಉಪಕರಣಕ್ಕೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಫೈರ್‌ಸ್ಟೋನ್ 1942ರಲ್ಲಿ ಪೇಟೆಂಟ್ ಪಡೆದನು.

ಶೋಧಕದೊಳಗಿನ ಸ್ಫಟಿಕವು ಹೊರಡಿಸಿದ ಅಲೆಯು ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 5,900 ಮೀಟರು ವೇಗದಿಂದ ಸಾಗಿ, ಆಚೆಯ ಮೈಗೆ ತಾಗಿ ಹಿಂದಿರುಗುತ್ತದೆ; ಉಪಕರಣದ ತೆರೆಯ ಮೇಲೆ ಒಂದು ಏರುಗೆರೆ ಮೂಡುತ್ತದೆ. ನಡುವೆ ಬಿರುಕಿದ್ದರೆ ಅದಕ್ಕಿಂತ ಮುಂಚೆಯೇ ಮತ್ತೊಂದು ಗೆರೆ ಕಾಣಿಸುವುದು. ಅಲೆಯು ಹೋಗಿಬಂದ ಕಾಲದಿಂದ ಬಿರುಕಿನ ಆಳ ತಿಳಿಯುತ್ತದೆ.

ಇಷ್ಟೆಲ್ಲವೂ ನುಣುಪಾದ ಮೈಗೆ ಸಲ್ಲುವ ಮಾತು. ಗಾಳಿಯ ತೆಳು ಪದರವೊಂದು ನಡುವೆ ಉಳಿದರೂ ಅಲೆಯು ಬಹುಪಾಲು ಹಿಂದಕ್ಕೆ ಪುಟಿಯುವುದರಿಂದ ಶೋಧಕದ ಕೆಳಗೆ ಎಣ್ಣೆ ಅಥವಾ ಗ್ರೀಸು ಸವರುತ್ತಾರೆ. ಮರಳಿನ ಅಚ್ಚಿನಲ್ಲಿ ಎರೆದ ಕಬ್ಬಿಣದ ಮೇಲೆ, ತುಕ್ಕು ತಿಂದ ತಗಡಿನ ಮೇಲೆ, ಶೋಧಕವು ದಿಣ್ಣೆಗಳ ತುದಿಗಳ ಮೇಲಷ್ಟೇ ಕುಳಿತುಕೊಳ್ಳುತ್ತದೆ. ತಗ್ಗುಗಳನ್ನು ತುಂಬಿದ ಎಣ್ಣೆಯಲ್ಲಿ ಧ್ವನಿಯು ಲೋಹದಲ್ಲಿಗಿಂತ ಬಹಳ ನಿಧಾನವಾಗಿ ಚಲಿಸುವುದರಿಂದ ಒಂದೇ ಅಲೆಯ ಭಾಗಗಳು ಹಿಂದುಮುಂದಾಗಿ ಒಳಹೊಕ್ಕು, ಒಂದನ್ನೊಂದು ಕುಗ್ಗಿಸುತ್ತವೆ. ಉಳಿದುದು ಚದರಿ ಹೋಗುತ್ತದೆ. ಅರದಿಂದ ಉಜ್ಜಿ ಮೈಯನ್ನು ಸಮಮಾಡುವುದೇ ನೇರವಾದ ಉಪಾಯ. ಅದು ಸಾಧ್ಯವಿಲ್ಲದಿದ್ದರೆ ಕಂಪನಸಂಖ್ಯೆಯನ್ನು ತಗ್ಗಿಸುವರು. ಉಕ್ಕಿನಲ್ಲಿ 5 ಮೆಗಾಹರ್ಟ್ಸ್ ಧ್ವನಿಯ ಅಲೆಯುದ್ದ ಸುಮಾರು 1.2 ಮಿಲಿಮೀಟರು, 2 ಮೆಗಾಹರ್ಟ್ಸ್‌ನದು ಸುಮಾರು 3 ಮಿಲಿಮೀಟರು. ನೀಳವಾದ ಅಲೆಗೆ ತಗ್ಗುದಿಣ್ಣೆಗಳ ಅಡ್ಡಿ ಕಡಿಮೆ. ಆದರೆ ಸಣ್ಣ ಬಿರುಕು ಅದರ ಕಣ್ಣಿಗೆ ಬೀಳದು.

ಒರಟು ಮೈಯ ನಿಜವಾದ ಅಪಾಯವು ಮೌನದಲ್ಲಿದೆ. ತೆರೆಯ ನಡುವೆ ಗೆರೆ ಮೂಡದಿದ್ದಾಗ ಲೋಹವು ನಿರ್ದೋಷವಾಗಿರಬಹುದು, ಇಲ್ಲವೇ ಅಲೆಯು ಒಳಗೆ ಇಳಿಯದೆಯೇ ಇದ್ದಿರಬಹುದು. ಆದುದರಿಂದ ಪರೀಕ್ಷಕನು ಮೊದಲು ನೋಡಬೇಕಾದುದು ಆಚೆಯ ಮೈಯ ಗೆರೆಯನ್ನು. ಅದೂ ಕುಗ್ಗಿದ್ದರೆ ವಸ್ತುವು ಚೆನ್ನಾಗಿದೆಯೆಂದು ಬರೆಯಲು ಅವನಿಗೆ ಅಧಿಕಾರವಿಲ್ಲ; ಪರೀಕ್ಷೆ ಆಗಿಲ್ಲವೆಂದೇ ಬರೆಯಬೇಕು.

ರೈಲುಚಕ್ರಗಳ ಉರುಳಾಟದಿಂದ ದಣಿದ ಹಳಿಯ ನೆತ್ತಿಯಲ್ಲಿ ಕೂದಲೆಳೆಯಂಥ ಬಿರುಕುಗಳು ದಟ್ಟವಾಗಿ ಹುಟ್ಟುತ್ತವೆ. ಇವು ಅಲೆಯನ್ನು ಮೇಲೆಯೇ ತಡೆದು, ಆಳಕ್ಕೆ ಇಳಿದ ಬಿರುಕನ್ನು ಮರೆಮಾಡಬಲ್ಲವು. ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಬಳಿ 2000ನೆಯ ಅಕ್ಟೋಬರ್ 17ರಂದು ಇಂತಹ ಬಿರುಕುಗಳಿದ್ದ ಹಳಿಯು ಲಂಡನ್ನಿನಿಂದ ಲೀಡ್ಸ್‌ಗೆ ಹೊರಟಿದ್ದ ಗಾಡಿಯ ಕೆಳಗೆ ಚೂರುಚೂರಾಯಿತು. ನಾಲ್ವರು ಮಡಿದರು, 70ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆ ಹಳಿಯನ್ನು ಬದಲಿಸಬೇಕೆಂಬುದು ಮುಂಚೆಯೇ ತಿಳಿದಿತ್ತು; ಹೊಸ ಹಳಿಯನ್ನು ತಂದು ಅದರ ಪಕ್ಕದಲ್ಲಿಯೇ ಇರಿಸಲಾಗಿತ್ತು.