ವಸತಿರಹಿತರ ಆಶ್ರಯಕ್ಕೆ ಜಾಗ ಎಲ್ಲಿ?

ಕಳೆದ ವರ್ಷ ನಮ್ಮ ಬಡಾವಣೆಯ ಪಕ್ಕದಲ್ಲಿ ವಸತಿರಹಿತರಿಗೆ ರಾತ್ರಿ ಆಶ್ರಯ ಕೇಂದ್ರ ಬರುತ್ತದೆ ಎಂಬ ಸುದ್ದಿ ಹಬ್ಬಿತು. ವಾರದೊಳಗೆ ಆಕ್ಷೇಪಣಾ ಪತ್ರ ಮನೆಮನೆಗೆ ಬಂತು. ನನ್ನ ತಂದೆಯವರೂ ಸಹಿ ಹಾಕಿದರು. "ಬೇಡ ಅಂತ ಯಾರು ಹೇಳಿದ್ದು? ಊರ ಹೊರಗೆ ಕಟ್ಟಲಿ" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಆದ್ದರಿಂದ ರಾಜ್ಯಶಾಸ್ತ್ರದ ಪ್ರಾಜೆಕ್ಟ್‌ಗೆ ಇದೇ ವಿಷಯ ಆರಿಸಿಕೊಂಡೆ.

ಮೊದಲು ನಕ್ಷೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಅದರಡಿ ತಯಾರಾಗುವ ಮಾಸ್ಟರ್ ಪ್ಲ್ಯಾನ್‌ನಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ ಎಂದು ಪ್ರತಿ ವಲಯಕ್ಕೂ ಒಂದು ಬಣ್ಣ. ಯಾವ ವಲಯದಲ್ಲಿ ಏನು ಕಟ್ಟಬಹುದು ಎಂಬುದಕ್ಕೆ ಎರಡು ಪಟ್ಟಿಗಳಿವೆ. ಮೊದಲ ಪಟ್ಟಿಯಲ್ಲಿದ್ದರೆ ಆ ವಲಯದಲ್ಲಿ ನೇರ ಅವಕಾಶ. ಎರಡನೆಯದರಲ್ಲಿದ್ದರೆ 'ವಿಶೇಷ ಸಂದರ್ಭ' ಎಂದು ಪ್ರಾಧಿಕಾರ ಒಪ್ಪಬೇಕು. ಮಿತ್ರರೇ, ಈ ವ್ಯತ್ಯಾಸವನ್ನು ಗುರುತು ಹಾಕಿಕೊಳ್ಳಿ. ಒಪ್ಪಿಗೆ ಅಧಿಕಾರಿಯ ವಿವೇಚನೆಗೆ ಬಿಟ್ಟಲ್ಲಿ ಆಕ್ಷೇಪಣಾ ಪತ್ರಕ್ಕೆ ಬಲ ಬರುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಈ ಗಂಟನ್ನು ಬಿಡಿಸಲು 2007ರಲ್ಲಿ ಕಾನೂನು ಮಾಡಿತು. ವಿಶೇಷ ಪರವಾನಗಿ ಇಲ್ಲದೆ ಆಶ್ರಯ ಕೇಂದ್ರ ತೆರೆಯಬಹುದಾದ ಒಂದು ವಲಯವನ್ನಾದರೂ ಪ್ರತಿ ನಗರವೂ ತೋರಿಸಲೇಬೇಕು. ಹಾಸಿಗೆಗಳ ಸಂಖ್ಯೆ, ದೀಪ, ಭದ್ರತೆ ಇವುಗಳಿಗೆ ನಗರ ನಿಯಮ ಮಾಡಬಹುದು. ಆದರೆ ಎರಡು ಕೇಂದ್ರಗಳ ನಡುವೆ 300 ಅಡಿಗಿಂತ ಹೆಚ್ಚು ಅಂತರ ಬೇಕೆಂದು ಕೇಳುವಂತಿಲ್ಲ. ಕೆಲವು ನಗರಗಳು ಜಾಣತನ ಮಾಡಿ, ಯಾರೂ ಹೋಗದ ಕೈಗಾರಿಕಾ ಪ್ರದೇಶದ ಕಡೆ ಬೆರಳು ತೋರಿಸಿದವು. (ನಮ್ಮ 'ಊರ ಹೊರಗೆ' ಅಲ್ಲೂ ಇದೆ!) 2022ರ ತಿದ್ದುಪಡಿಯ ಪ್ರಕಾರ ಆ ವಲಯ ವಸತಿಗೂ ಅವಕಾಶವಿರುವಂಥದ್ದಾಗಿರಬೇಕು. ಬೇರೆ ವಲಯ ತೋರಿಸಿದರೆ ಬಸ್ಸು, ಆಸ್ಪತ್ರೆಯಂಥ ಸೌಲಭ್ಯಗಳು ಹತ್ತಿರವಿವೆ ಎಂದು ನಗರವೇ ರುಜುವಾತು ಮಾಡಬೇಕು.

ನಮ್ಮಲ್ಲಿ 2010ರಲ್ಲಿ ದೆಹಲಿಯ ಚಳಿಯಲ್ಲಿ ಬೀದಿಯಲ್ಲಿ ಮಲಗುವವರ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂತು. ಆಮೇಲೆ 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಬಂತು. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಆಶ್ರಯ, ತಲೆಗೆ ಕನಿಷ್ಠ 50 ಚದರ ಅಡಿ. ಗುಣಿಸಿದರೆ 5,000 ಚದರ ಅಡಿ, ಅಂದರೆ ಸುಮಾರು ನಾಲ್ಕು 30×40 ಸೈಟು. ಎರಡು ಮಹಡಿ ಮಾಡಿದರೆ ಸುಮಾರು ಎರಡು ಸೈಟು. ಜಾಗ ಎಲ್ಲಿರಬೇಕು ಎಂಬುದನ್ನೂ ಅದು ಹೇಳಿದೆ: ಸಾಧ್ಯವಾದಷ್ಟು ರೈಲು ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆಗಳ ಹತ್ತಿರ, ಅಂದರೆ ಆ ಜನ ಈಗಾಗಲೇ ಇರುವ ಮತ್ತು ದುಡಿಯುವ ಕಡೆ.

ಇದನ್ನೆಲ್ಲ ತಂದೆಯವರ ಮುಂದಿಟ್ಟೆ. ಅವರ ಅಂಗಡಿ ಇರುವುದು ಮಾರುಕಟ್ಟೆಯಲ್ಲಿ. ಮೂಟೆ ಇಳಿಸಲು ಹಮಾಲರು ಬೆಳಗಿನ ನಾಲ್ಕಕ್ಕೆ ಬೇಕು. ಅವರಲ್ಲಿ ಇಬ್ಬರು ಅಂಗಡಿಯ ಜಗಲಿಯಲ್ಲೇ ಮಲಗುತ್ತಾರೆ. ಊರ ಹೊರಗಿನಿಂದ ಮೊದಲ ಬಸ್ಸು ಆರು ಗಂಟೆಗೆ. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಂಗಸರಿಗೆ ಬೇರೆ ಕೋಣೆ, ರಾತ್ರಿ ಕಾವಲುಗಾರ ಇರ್ತಾರೇನು?" ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ನಗರಸಭೆಗೆ ಅದನ್ನೇ ಬರೆಯೋಣ ಎಂದೆ. ಹಳೆಯ ಸಹಿಯನ್ನು ಅವರಿನ್ನೂ ಹಿಂತೆಗೆದುಕೊಂಡಿಲ್ಲ. ಹೊಸ ಪತ್ರದ ಕರಡು ಮಾತ್ರ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದೆ.